ನಿಮ್ಮ ಕೈಯಲ್ಲಿರೋ ವಾಚು ಯಾವುದು? ಅದೇ ಯಾಕೆ?

ಬರಿಗೈ ಹಾಸನ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷ ಕಟ್ಟಿದ್ದ ಸ್ಮಾರ್ಟ್ ವಾಚು ಹೋದ ತಿಂಗಳು ಕಣ್ಣು ಮುಚ್ಚಿತು. ಒಳಗೆ ಬ್ಯಾಟರಿ ಉಬ್ಬಿ ಗಾಜು ಮೇಲೆದ್ದಿತ್ತು. ಅಂಗಡಿಯವನು ತಿರುಗಿಸಿ ಕೂಡ ನೋಡಲಿಲ್ಲ, "ರಿಪೇರಿ ದುಡ್ಡಿಗೆ ಹೊಸದೇ ಬರುತ್ತೆ ಸರ್" ಅಂದ. ಈಗ ಕೈ ಮೇಲೆ ಉಳಿದಿರುವುದು ಬೆಲ್ಟಿನ ಅಗಲದ ಒಂದು ಬಿಳಿ ಪಟ್ಟಿ ಮಾತ್ರ. ದಿನಕ್ಕೆ ಹತ್ತು ಸಲ ಆ ಬಿಳಿ ಪಟ್ಟಿ ನೋಡಿಕೊಳ್ಳುತ್ತೇನೆ. ಪಕ್ಕದಲ್ಲಿರುವವರು ನಗುತ್ತಾರೆ.

ಮೊಬೈಲ್ ಇದೆ, ಗೊತ್ತು. ಆದರೆ ಟೈಮ್ ನೋಡೋಕೆ ಅಂತ ಮೊಬೈಲ್ ತೆಗೆದರೆ ಎರಡು ಮೆಸೇಜು, ಒಂದು ವಿಡಿಯೊ, ಯಾರದೋ ಮದುವೆ ಫೋಟೊ ಎಲ್ಲ ನೋಡಿ ಜೇಬಿಗೆ ಹಾಕಿಕೊಂಡ ಮೇಲೆ, ಅಲ್ಲ, ಗಂಟೆ ಎಷ್ಟಾಗಿತ್ತು ಅಂತ ಮತ್ತೆ ತೆಗೆಯುತ್ತೇನೆ.

ಹಾಗಾಗಿ ಈ ಸಲ ಬರೀ ಟೈಮ್ ತೋರಿಸುವ ಒಂದು ವಾಚು ಬೇಕು. ಎಂಟು ಸಾವಿರದೊಳಗೆ. ಯಾವುದು ಒಳ್ಳೆಯದು ಅಂತ ಕೇಳಿದರೆ ಎಲ್ಲರೂ ಲಿಂಕ್ ಹಾಕಿ ಹೋಗುತ್ತೀರಿ. ಅದು ಬೇಡ. ನಿಮ್ಮ ಹತ್ತಿರ ಇರುವುದರಲ್ಲಿ ನಿಮಗೆ ತುಂಬಾ ಇಷ್ಟದ ವಾಚು ಯಾವುದು, ಯಾಕೆ ಇಷ್ಟ, ಅದನ್ನು ಹೇಳಿ. ಅದರ ತಂಟೆ ತಕರಾರುಗಳನ್ನೂ ಹೇಳಿ. ಕೊಳ್ಳುವುದನ್ನು ಆಮೇಲೆ ನೋಡೋಣ.

ಜಾಲಹಳ್ಳಿ ಮನೆಮಗಳು

ನನ್ನದು ಎಚ್‌ಎಂಟಿ ಜನತಾ. ಬಿಳಿ ಡಯಲ್, ಸುತ್ತ ಅಂಕಿ, ಅದರ ಮೇಲೆ ಸಣ್ಣಗೆ 17 ಜ್ಯುವೆಲ್ಸ್ (ಒಳಗಿನ ಭಾಗಗಳು ಸವೆಯದೆ ತಿರುಗಲಿ ಅಂತ ಕೂರಿಸಿದ ಸಣ್ಣ ಕಲ್ಲುಗಳು), ಪ್ಯಾರಾಶಾಕ್ ಅಂತ ಬರೆದಿದೆ. ತಾರೀಖಿಲ್ಲ, ವಾರವಿಲ್ಲ, ಲೈಟಿಲ್ಲ. ಬೆಳಿಗ್ಗೆ ಕಾಫಿಗೆ ಹಾಲು ಇಟ್ಟು ಕೀ ಕೊಡುತ್ತೇನೆ. ಕಿರ್ ಕಿರ್ ಅಂತ ಸುಮಾರು ಮೂವತ್ತು ಸುತ್ತು. ಕೊನೆಗೆ ಬೆರಳಿಗೆ ಸ್ವಲ್ಪ ಬಿಗಿ ಅನ್ನಿಸುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಅಷ್ಟರಲ್ಲಿ ಹಾಲು ಉಕ್ಕಿದ್ದೂ ಉಂಟು.

ಅಮ್ಮ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1961ರಲ್ಲಿ ಬೆಂಗಳೂರಲ್ಲಿ ಶುರುವಾದ ಫ್ಯಾಕ್ಟರಿ ಅದು. ಜನತಾ ವಾಚಿನ ಒಳಗಿನ ಮಷಿನ್ನೂ ಸಿಟಿಜನ್ ಮನೆತನದ್ದೇ. ಪ್ಯಾರಾಶಾಕ್ ಅನ್ನೋದೂ ಅವರದೇ ಹೆಸರು. ವಾಚು ಕೆಳಗೆ ಬಿದ್ದರೆ ಒಳಗಿನ ತೆಳ್ಳನೆಯ ಕಡ್ಡಿ ಮುರಿಯದ ಹಾಗೆ ಅದನ್ನು ಹಿಡಿದಿರುವ ಕಲ್ಲಿಗೇ ಒಂದು ಸ್ಪ್ರಿಂಗ್ ಕೊಟ್ಟಿರುತ್ತಾರೆ. ಏಟು ಬಿದ್ದಾಗ ಕಲ್ಲು ಸ್ವಲ್ಪ ಸರಿದು ಮತ್ತೆ ಜಾಗಕ್ಕೆ ಬಂದು ಕೂರುತ್ತದೆ. ನನ್ನ ಜನತಾ ಅಡುಗೆಮನೆ ಕಟ್ಟೆಯಿಂದ ಎರಡು ಸಲ ಬಿದ್ದಿದೆ. ಓಡುತ್ತಲೇ ಇದೆ.

ವಾಚು ಜೋಡಿಸುವ ಕಡೆ ತುಂಬಾ ಜನ ಹೆಂಗಸರೇ ಇದ್ದರು. ಅಮ್ಮನೂ ಅಲ್ಲೇ. ಒಂದು ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮಟ. ಸೀನು ಬಂದರೆ ಕುರ್ಚಿ ಸಮೇತ ಹಿಂದೆ ತಿರುಗಿ ಸೀನಬೇಕಿತ್ತಂತೆ, ಇಲ್ಲದಿದ್ದರೆ ಸ್ಕ್ರೂಗಳೆಲ್ಲ ಎಲ್ಲಿಗೆ ಹಾರಿದವು ಅಂತ ಅರ್ಧ ದಿನ ಹುಡುಕಾಟ. ಈಗ ವಯಸ್ಸಾಗಿದೆ, ಕಣ್ಣು ಮೊದಲಿನ ಹಾಗಿಲ್ಲ. ಆದರೆ ಅಕ್ಕಿಯಲ್ಲಿ ಕಲ್ಲು ಆರಿಸುವಾಗ ನೋಡಬೇಕು. ಎರಡು ಬೆರಳ ತುದಿಯಲ್ಲಿ ಆ ಒಂದೇ ಕಲ್ಲು ಎತ್ತುತ್ತಾರೆ, ಪಕ್ಕದ ಅಕ್ಕಿಕಾಳು ಅಲ್ಲಾಡಿರುವುದಿಲ್ಲ.

ನನ್ನ ವಾಚು ಅಮ್ಮ ಕೂತಿದ್ದ ಸಾಲಿನಿಂದ ಬಂದದ್ದೋ ಅಲ್ಲವೋ ಯಾರಿಗೂ ಗೊತ್ತಿಲ್ಲ. ಅಂಗಡಿಯಲ್ಲೇ ಕೊಂಡದ್ದು. ಅಮ್ಮನನ್ನು ಕೇಳಿದರೆ, "ನಾನು ಮಾಡಿದ್ದಾದರೆ ಇಷ್ಟು ಹಿಂದೆ ಬೀಳ್ತಿರಲಿಲ್ಲ" ಅಂತಾರೆ.

ಹೌದು, ಅದೇ ತಕರಾರು. ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತದೆ. ಇದು ಗಂಟೆಗೆ 18,000 ಸಲ ಟಿಕ್ ಅನ್ನುವ ಯಂತ್ರ, ಅಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000. ಅಷ್ಟು ಸಲ ಹೊಡೆದುಕೊಂಡು ಬರೀ ಅರ್ಧ ನಿಮಿಷ ತಪ್ಪಿದರೆ ನಾನಂತೂ ಬೈಯುವುದಿಲ್ಲ. ಆಫೀಸಿನವರು ಬೈಯುತ್ತಾರೆ, ಅದು ಬೇರೆ ಮಾತು. ನೀರಿಗೆ ಮಾತ್ರ ಹುಷಾರು, ಕೈ ತೊಳೆಯುವಾಗಲೂ ಬಿಚ್ಚಿಡುತ್ತೇನೆ.

ಬೆಂಗಳೂರಲ್ಲಿದ್ದರೆ ಒಂದು ಸಲ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ಗೆ ಹೋಗಿ ಬನ್ನಿ. 2019ರಲ್ಲಿ ಶುರುವಾಯಿತು. ಟ್ರ್ಯಾಕ್ಟರೂ ಇದೆ, ಲೇಥೂ ಇದೆ, ವಾಚುಗಳಂತೂ ಗೋಡೆ ತುಂಬಾ. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅರ್ಧ ಗಂಟೆಯಲ್ಲಿ ಮುಗಿಸೋಣ ಅಂದುಕೊಂಡಿದ್ದೆ, ಮಧ್ಯಾಹ್ನದ ಊಟ ತಪ್ಪಿಹೋಯಿತು.

ಚನ್ನಗಿರಿ ತೋಟ

ಕ್ಯಾಸಿಯೊ ಎಫ್-91ಡಬ್ಲ್ಯು. ಅಷ್ಟೇ. ಬೇರೆ ವಾಚು ನನಗೆ ಬೇಡ.

ಯಾಕೆ ಅಂದ್ರೆ, ನಮ್ಮದು ಅಡಿಕೆ ತೋಟ, ಬೋರ್‌ವೆಲ್ ನೀರು. ತ್ರೀ ಫೇಸ್ ಕರೆಂಟು ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ. ರಾತ್ರಿ ಎರಡಕ್ಕೆ ಎದ್ದು ಮೋಟರ್ ಹಾಕಬೇಕು, ಐದಕ್ಕೆ ವಾಲ್ವ್ ತಿರುಗಿಸಬೇಕು. ಮೊಬೈಲಲ್ಲಿ ಅಲಾರಂ ಇಟ್ಟರೆ ಮನೆಯವರೆಲ್ಲ ಏಳುತ್ತಾರೆ, ನಾನೊಬ್ಬ ಏಳುವುದಿಲ್ಲ. ಈ ವಾಚು ಕಟ್ಟಿದ ಕೈಯನ್ನು ದಿಂಬಿನ ಕೆಳಗೆ ಇಟ್ಟು ಮಲಗಿದರೆ ಸರಿಯಾಗಿ ನನ್ನ ಕಿವಿಗೇ ಕೇಳುತ್ತದೆ. ಮನೆಯವಳು ಹೇಳುತ್ತಾಳೆ ಅವಳಿಗೂ ಕೇಳುತ್ತೆ ಅಂತ. ಇರಲಿ.

ತೂಕ 21 ಗ್ರಾಂ. ಕೈಯಲ್ಲಿ ಇದೆ ಅಂತಲೇ ಗೊತ್ತಾಗಲ್ಲ. ಈ ಮಾಡೆಲ್ ಬಂದಿದ್ದು 1989ರಲ್ಲಿ, ಅವತ್ತಿಂದ ಇವತ್ತಿಗೂ ಅದೇ ಆಕಾರ, ಮಾರುತ್ತಲೇ ಇದ್ದಾರೆ. ಸೆಲ್ಲು ಏಳು ವರ್ಷ ಬರುತ್ತೆ ಅಂತ ಕಂಪನಿಯವರು ಹೇಳುತ್ತಾರೆ. ನಾನು 2014ರಲ್ಲಿ ಕೊಂಡಿದ್ದು, ಒಂದೇ ಸಲ ಸೆಲ್ಲು ಬದಲಾಯಿಸಿದ್ದೇನೆ, ಅದೂ 2022ರಲ್ಲಿ. ಮಳೆಯಲ್ಲಿ ನೆನೆದಿದೆ, ಗೊಬ್ಬರದ ಬುಟ್ಟಿಯಲ್ಲಿ ಒಂದು ರಾತ್ರಿ ಕಳೆದಿದೆ, ಅಡಿಕೆ ಸುಲಿಯುವಾಗ ಚೊಗರು ಮೆತ್ತಿಕೊಂಡು ಗಾಜು ಕಪ್ಪಾಗಿದೆ. ಬಟ್ಟೆಗೆ ಸ್ವಲ್ಪ ಹಲ್ಲುಜ್ಜುವ ಪೇಸ್ಟು ಹಚ್ಚಿ ಉಜ್ಜಿದರೆ ಹೊಸದರ ಹಾಗೆ.

ತಕರಾರು ಕೇಳಿದಿರಿ. ಒಂದು, ಲೈಟು. ಹಸಿರು ಬಣ್ಣದ ಮಿಣುಕು ಹುಳ ಒಂದನ್ನು ಎಡಗಡೆ ಮೂಲೆಯಲ್ಲಿ ಕೂರಿಸಿದ ಹಾಗಿದೆ. ಗಂಟೆ ಕಾಣುತ್ತೆ, ನಿಮಿಷ ಊಹೆ ಮಾಡಿಕೊಳ್ಳಬೇಕು. ಎರಡು, ಬೆಲ್ಟು ಮೂರು ನಾಲ್ಕು ವರ್ಷಕ್ಕೆ ತೂತಿನ ಹತ್ತಿರ ಸೀಳುತ್ತೆ. ಮೂರು, ಇದಕ್ಕೆ ಇಸವಿ ಗೊತ್ತಿಲ್ಲ. ಹಾಗಾಗಿ ಫೆಬ್ರವರಿ ಅಂದರೆ ಯಾವಾಗಲೂ 28 ದಿನವೇ. 2024ರ ಫೆಬ್ರವರಿ 29ರಂದು ನಾನು ಸೊಸೈಟಿಗೆ ಹೋಗಿ, ನಿನ್ನೆಗೇ ತಿಂಗಳು ಮುಗೀತು, ಇವತ್ತು ಒಂದನೇ ತಾರೀಖು ಅಂತ ವಾಚು ತೋರಿಸಿ ಜಗಳಕ್ಕೆ ನಿಂತಿದ್ದೆ. ವಾರ ಸರಿ ಇತ್ತು, ಗುರುವಾರ ಅಂತಲೇ ಇತ್ತು. ತಾರೀಖು ಮಾತ್ರ ಒಂದು. ಅಲ್ಲಿದ್ದವರು ಗೋಡೆ ಮೇಲಿನ ಕ್ಯಾಲೆಂಡರ್ ತೋರಿಸಿದರು. ಈಗಲೂ ನಾನು ಒಳಗೆ ಹೋದರೆ, "ಬನ್ನಿ ಬನ್ನಿ, ಇವತ್ತು ಎಷ್ಟು ತಾರೀಖು?" ಅಂತ ಕೇಳುತ್ತಾರೆ.

ಒಂದು ವಿಷಯ. ಡೂಪ್ಲಿಕೇಟ್ ತುಂಬಾ ಇವೆ. ಬಲಗಡೆ ಇರುವ ಒಂದೇ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಿರಿ. ಅಸಲಿ ಆದರೆ ಟೈಮ್ ಇರುವ ಜಾಗದಲ್ಲಿ ಕ್ಯಾಸಿಯೊ ಅಂತ ಹೆಸರು ಬರುತ್ತೆ. ದುಡ್ಡು ಕೊಡುವ ಮುಂಚೆ ಒತ್ತಿ ನೋಡಿ.

ಸುಮ್ನೆ ಬಂದೆ

2 ರೂಪಾಯಿ ಕೆಲಸಕ್ಕೆ ಎಂಟು ಸಾವಿರ ಯಾಕೆ? ಮೊಬೈಲಲ್ಲಿ ಟೈಮ್ ಇಲ್ವಾ? ವಾಚು ಈಗ ಬರೀ ಶೋಕಿ.

ಹುಬ್ಬಳ್ಳಿ ಸಿಸ್ಟರ್

ಶೋಕಿ ಅಂದ್ರಲ್ಲ, ಅದಕ್ಕೇ ಬರೆಯಬೇಕಾಯಿತು. ನಾನು ನರ್ಸ್. ಹತ್ತೊಂಬತ್ತು ವರ್ಷ ಆಯಿತು. ಒಂದು ಕೈಯಲ್ಲಿ ಪೇಷಂಟಿನ ನಾಡಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮೊಬೈಲ್ ಲಾಕ್ ತೆಗೆಯುತ್ತಾ ನಿಲ್ಲೋಕೆ ಆಗುತ್ತೇನ್ರೀ?

ನನಗೆ ಇಷ್ಟದ್ದು ಸೊನಾಟಾದ ಒಂದು ಸಾದಾ ವಾಚು. ಸೆಲ್ಲಿಂದು. ಬಿಳಿ ಡಯಲ್, ಒಂದರಿಂದ ಹನ್ನೆರಡರ ತನಕ ಎಲ್ಲಾ ಅಂಕಿ ದಪ್ಪಗೆ, ಸೆಕೆಂಡ್ ಮುಳ್ಳು ಕೆಂಪು. ಆ ಕೆಂಪು ಮುಳ್ಳಿಗೇ ನಾನು ದುಡ್ಡು ಕೊಟ್ಟಿದ್ದು. ಡಿಜಿಟಲ್ ವಾಚಿನಲ್ಲಿ ನಾಡಿ ಎಣಿಸಿ ನೋಡಿ. ಮನಸ್ಸಲ್ಲಿ 31, 32 ಅಂತ ಬಡಿತ ಎಣಿಸುತ್ತಾ ಇರುತ್ತೀರಿ, ಕಣ್ಣ ಮುಂದೆ 47, 48 ಅಂತ ಬೇರೆ ಅಂಕಿ ಓಡುತ್ತಿರುತ್ತದೆ. ಎರಡೂ ಕಲಸಿಹೋಗುತ್ತವೆ. ಮುಳ್ಳಾದರೆ ಓದುವ ಗೋಜೇ ಇಲ್ಲ. ಹನ್ನೆರಡರ ಮೇಲೆ ಬಂದಾಗ ಶುರು ಮಾಡು, ಆರಕ್ಕೆ ಬಂದಾಗ ನಿಲ್ಲಿಸು, ಎರಡರಿಂದ ಗುಣಿಸು. ಬಡಿತ ಏರುಪೇರಾಗಿದ್ದರೆ ಮಾತ್ರ ಪೂರ್ತಿ ಒಂದು ನಿಮಿಷ ಎಣಿಸಬೇಕು. ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರಿಗೆ ನಾನು ಮೊದಲು ಹೇಳುವುದೇ ಇದು, ಮುಳ್ಳಿರೋ ವಾಚು ತಗೋಳ್ರವ್ವಾ ಅಂತ.

ಕೆಲವು ಕಡೆ ಮಣಿಕಟ್ಟಿಗೆ ಏನೂ ಕಟ್ಟಬಾರದು. ಪದೇ ಪದೇ ಕೈ ತೊಳೆಯಬೇಕು, ಬೆಲ್ಟಿನ ಕೆಳಗೆ ಕೊಳೆ ಕೂರುತ್ತದೆ. ಅಲ್ಲಿಗೆ ಹೋದಾಗ ಎದೆ ಮೇಲೆ ಪಿನ್ನಿಗೆ ಸಿಕ್ಕಿಸುವ ಇನ್ನೊಂದು ವಾಚು ಇದೆ ನನ್ನ ಹತ್ತಿರ. ಅದು ತಲೆಕೆಳಗಾಗಿ ನೇತಾಡುತ್ತದೆ. ನಾನು ಬಗ್ಗಿ ನೋಡಿದಾಗ ನನಗೆ ಸರಿಯಾಗಿ ಕಾಣುತ್ತದೆ. ಎದುರಿಗೆ ಇರುವವರು, "ಸಿಸ್ಟರ್, ನಿಮ್ಮ ವಾಚು ಉಲ್ಟಾ ಆಗಿದೆ" ಅಂತ ದಿನಾ ಒಬ್ಬರಾದರೂ ಹೇಳುತ್ತಾರೆ. ಮೊದಲು ವಿವರಿಸುತ್ತಿದ್ದೆ. ಈಗ ಥ್ಯಾಂಕ್ಸ್ ಅಂದು ಮುಂದೆ ಹೋಗುತ್ತೇನೆ.

ಸುಮ್ನೆ ಬಂದೆ

ಸರಿ ಮೇಡಂ, ಶೋಕಿ ಮಾತು ವಾಪಸ್. ಉಳಿದವರಿಗೆ ಮಾತ್ರ ಅನ್ವಯ.

ಕುಂದಾಪ್ರ ಹುಡ್ಗ

ಉಳಿದವರಲ್ಲಿ ನಾನೊಬ್ಬ, ಶೋಕಿ ಅಂತಲೇ ಇಟ್ಕೊಳ್ಳಿ ಮಾರ್ರೆ. ನನ್ನ ಕೈಯಲ್ಲಿರುವುದು ಸೀಕೋ 5. ಮಾವ ಸೌದಿಯಿಂದ ತಂದದ್ದು. ಅವರ ಕಾಲದಲ್ಲಿ ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಒಂದು ಟೇಪ್ ರೆಕಾರ್ಡರ್, ಸೆಂಟಿನ ಬಾಟ್ಲಿ, ಟಾರ್ಚು, ಆಮೇಲೆ ಈ ವಾಚು ಇರಲೇಬೇಕಿತ್ತು. ನಮ್ಮ ಬದಿಯಲ್ಲಿ ಎಷ್ಟು ಮನೆಗಳಲ್ಲಿ ಇದೆಯೋ ಲೆಕ್ಕವಿಲ್ಲ.

ಇದರ ಮಜಾ ಇರುವುದು ವಾರ ತೋರಿಸುವ ಕಿಂಡಿಯಲ್ಲಿ. ಗಲ್ಫಿನಲ್ಲಿ ಮಾರಿದ ವಾಚು, ಹಾಗಾಗಿ ವಾರ ಎರಡು ಭಾಷೆಯಲ್ಲಿದೆ, ಇಂಗ್ಲಿಷು ಮತ್ತು ಅರಬ್ಬಿ. ಒಳಗಿನ ಚಕ್ರದಲ್ಲಿ ಏಳು ದಿನಕ್ಕೆ ಹದಿನಾಲ್ಕು ಹೆಸರು ಒಂದಾದ ಮೇಲೊಂದು ಬರೆದಿರುತ್ತಾರೆ. ನಾವು ಇಂಗ್ಲಿಷಿಗೆ ಇಟ್ಟುಕೊಂಡರೆ ಮಧ್ಯರಾತ್ರಿ ಕಳೆದ ಮೇಲೆ ಮೊದಲು ಅರಬ್ಬಿ ಹೆಸರು ಬಂದು ನಿಲ್ಲುತ್ತದೆ, ಆಮೇಲೆ ಮೆಲ್ಲ ಸರಿದು ಇಂಗ್ಲಿಷು ಬರುತ್ತದೆ. ಯಕ್ಷಗಾನ ನೋಡಲು ಹೋಗಿ ನಡುರಾತ್ರಿ ಕೈ ನೋಡಿದರೆ ವಾಚಿನಲ್ಲಿ ಅರಬ್ಬಿ. ಚಿಕ್ಕವನಿದ್ದಾಗ ಮಾವ ಹೇಳುತ್ತಿದ್ದರು, ರಾತ್ರಿ ಹೊತ್ತು ಅದಕ್ಕೆ ಸೌದಿ ನೆನಪಾಗುತ್ತದೆ ಅಂತ. ನಾನು ತುಂಬಾ ದಿನ ನಂಬಿದ್ದೆ.

5 ಅಂದರೆ ಐದು ಗುಣ. ತಾನೇ ಕೀ ತುಂಬಿಕೊಳ್ಳುವುದು, ವಾರ ತಾರೀಖು ಒಂದೇ ಕಿಂಡಿಯಲ್ಲಿ, ನೀರು ತಡೆಯುವುದು, ಕೀ ಮೂರರ ಬದಲು ನಾಲ್ಕರ ಹತ್ತಿರ ಒಳಗೆ ಹುದುಗಿರುವುದು, ಗಟ್ಟಿಮುಟ್ಟಾದ ಕವಚ ಮತ್ತು ಚೈನು. 1963ರಲ್ಲಿ ಶುರುಮಾಡಿದ್ದು. ಸೆಲ್ಲು ಇಲ್ಲ. ಒಳಗೆ ಅರ್ಧಚಂದ್ರದ ಹಾಗಿರುವ ಒಂದು ತೂಕ ಇದೆ, ಕೈ ಬೀಸಿದ ಹಾಗೆ ಅದು ತಿರುಗಿ ಸ್ಪ್ರಿಂಗ್ ಸುತ್ತುತ್ತದೆ. ನನ್ನದರಂಥ ಹಳೆಯ ಸೀಕೋ 5ಕ್ಕೆ ಕೈಯಿಂದ ಕೀ ಕೊಡಲು ಬರುವುದೇ ಇಲ್ಲ. ಎರಡು ದಿನ ಬಿಚ್ಚಿಟ್ಟರೆ ನಿಲ್ಲುತ್ತದೆ. ಆಗ ಅಡ್ಡಡ್ಡ ಅಲ್ಲಾಡಿಸಿ ಎಬ್ಬಿಸಬೇಕು, ಕೆಮ್ಮಿನ ಔಷಧದ ಬಾಟ್ಲಿ ಅಲ್ಲಾಡಿಸಿದ ಹಾಗೆ.

ಒಂದು ಪಾಠ ಕಲಿತಿದ್ದೇನೆ, ಬರಿಗೈಯವರೇ, ನೀವೂ ಕೇಳಿಸಿಕೊಳ್ಳಿ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ನಡುವೆ ತಾರೀಖು ತಿರುಗಿಸಬೇಡಿ. ಆ ಹೊತ್ತಿನಲ್ಲಿ ಒಳಗಿನ ಹಲ್ಲುಗಳು ತಾರೀಖು ಬದಲಿಸಲು ಕಚ್ಚಿಕೊಂಡಿರುತ್ತವೆ, ನಾವೂ ಕೈ ಹಾಕಿ ತಿರುಗಿಸಿದರೆ ಹಲ್ಲು ಮುರಿಯುತ್ತದೆ. ನಾನು ಮುರಿದಿದ್ದೇನೆ. ಮಾವನಿಗೆ ಇನ್ನೂ ಹೇಳಿಲ್ಲ.

ಅವೆನ್ಯೂ ರೋಡ್ ಕಡೆಯವ

ನಾನು ವಾಚ್ ರಿಪೇರಿ ಮಾಡುವವನು. 30 ವರ್ಷದ ಮೇಲಾಯಿತು. ಅಂಗಡಿ ಅಂದರೆ ಒಂದು ಮೇಜು, ಒಂದು ಗಾಜಿನ ಪೆಟ್ಟಿಗೆ, ಒಂದು ಟೇಬಲ್ ಲ್ಯಾಂಪು. ಇಲ್ಲಿ ಬರೆದದ್ದೆಲ್ಲ ಓದಿ ಖುಷಿಯಾಯಿತು. ಕುಂದಾಪುರದ ತಮ್ಮ, ಆ ಹಲ್ಲಿನ ಚಕ್ರ ಹಳೆ ಮಷಿನ್ ಒಂದರಿಂದ ತೆಗೆದು ಹಾಕಬಹುದು, ಮಾವನಿಗೆ ಹೇಳುವ ಅಗತ್ಯ ಬರುವುದಿಲ್ಲ.

ಜಾಲಹಳ್ಳಿ ಮೇಡಂ ಬರೆದದ್ದು ಓದಿ ನಾಳೆಯೇ ಹತ್ತು ಜನ ಹಳೆ ಎಚ್‌ಎಂಟಿ ಹುಡುಕಲು ಹೊರಡುತ್ತಾರೆ, ಅವರಿಗೆ ಸ್ವಲ್ಪ ಎಚ್ಚರಿಕೆ. ಆನ್‌ಲೈನಲ್ಲಿ ಹಳೆ ಜನತಾ, ಹಳೆ ಪೈಲಟ್ ಅಂತ ಗಿಳಿಹಸಿರು, ಕಿತ್ತಳೆ, ನೇರಳೆ ಬಣ್ಣದ ಡಯಲ್ ಇರುವವು ಸಿಗುತ್ತವೆ. ನೋಡೋಕೆ ಹೊಸದರ ಹಾಗಿರುತ್ತವೆ. ಅಷ್ಟು ಹಳೆ ವಾಚಿನ ಡಯಲ್ ಅಷ್ಟು ಹೊಸದಾಗಿ ಹೇಗಿರುತ್ತೆ, ಯೋಚನೆ ಮಾಡಿ. ಹಳೆ ಡಯಲ್ ಕೆರೆದು ಬಣ್ಣ ಹೊಡೆದು ಮೇಲೆ ಅಚ್ಚು ಹಾಕಿರುತ್ತಾರೆ. ಒಂದು ವಾಚಿನ ಮಷಿನ್, ಇನ್ನೊಂದರ ಮುಳ್ಳು, ಮತ್ತೊಂದರ ಕವಚ. ಸೀಕೋ 5ಕ್ಕೂ ಇದೇ ಗತಿ. ಸಂಗ್ರಹ ಮಾಡುವವರು ಇದಕ್ಕೆ ಮುಂಬೈ ಸ್ಪೆಷಲ್ ಅಂತಾರೆ.

ಕಂಡುಹಿಡಿಯೋದು ಕಷ್ಟ ಅಲ್ಲ. ಭೂತಗನ್ನಡಿ ಇಟ್ಟು ಡಯಲ್ ಮೇಲಿನ ಅಕ್ಷರ ನೋಡಿ. ಕಂಪನಿಯ ಅಚ್ಚಿನಲ್ಲಿ ಅಂಚು ಚೂಪಾಗಿರುತ್ತೆ. ಆಮೇಲೆ ಬಣ್ಣ ಹೊಡೆದದ್ದರಲ್ಲಿ ಅಕ್ಷರ ಊದಿಕೊಂಡ ಹಾಗಿರುತ್ತೆ, ನಿಮಿಷದ ಗೀಟುಗಳು ಒಂದು ಕಡೆ ಒತ್ತೊತ್ತಾಗಿ ಇನ್ನೊಂದು ಕಡೆ ಬಿಡಿಬಿಡಿಯಾಗಿ ಇರುತ್ತವೆ. ಕವಚದ ಮೂಲೆಗಳನ್ನು ಉಜ್ಜಿ ಉಜ್ಜಿ ಸೋಪಿನ ತುಂಡಿನ ಹಾಗೆ ಗುಂಡಗೆ ಮಾಡಿರುತ್ತಾರೆ. ಅಸಲಿ ಹಳೆ ಡಯಲ್ ಸ್ವಲ್ಪ ಹಳದಿಗೆ ತಿರುಗಿರುತ್ತೆ, ಒಂದೆರಡು ಚುಕ್ಕಿ ಬಿದ್ದಿರುತ್ತೆ. ನನ್ನ ಕೇಳಿದರೆ ಚುಕ್ಕಿ ಬಿದ್ದದ್ದೇ ತಗೊಳ್ಳಿ. ಬಣ್ಣ ಹೊಡೆದದ್ದು ಓಡುವುದೇ ಇಲ್ಲ ಅಂತಲ್ಲ. ಓಡುತ್ತೆ. ಹಳೇದು ಅಂತ ಹೇಳಿ ಕಾಸು ಜಾಸ್ತಿ ಕೀಳಬಾರದು, ಅಷ್ಟೇ ನನ್ನ ಮಾತು.

ಇನ್ನು ನನಗೆ ಇಷ್ಟದ ವಾಚು. ನಗಬೇಡಿ. ದಿನವಿಡೀ ಕೀ ಕೊಡುವ ವಾಚುಗಳ ಹೊಟ್ಟೆ ಬಗೆಯುವ ನಾನು ಕಟ್ಟುವುದು ಒಂದು ಸೆಲ್ಲಿನ ಟೈಟಾನ್. 1994ರಲ್ಲಿ ಮದುವೆಯಾದಾಗ ಮಾವ ಕೊಟ್ಟದ್ದು. ಚಿನ್ನದ ಬಣ್ಣದ್ದು. ಈಗ ಕೈ ತಾಗುವ ಕಡೆಯೆಲ್ಲ ಬಣ್ಣ ಹೋಗಿ ಹಿತ್ತಾಳೆ ಕಾಣುತ್ತೆ. ಆಗ ಮದುಮಗನಿಗೆ ಟೈಟಾನ್ ಕೊಟ್ಟರು ಅಂದರೆ ಮಂಟಪದಲ್ಲಿ ಕೈಯಿಂದ ಕೈಗೆ ದಾಟಿಸಿ ನೋಡೋರು. ಅದಕ್ಕೂ ಮುಂಚಿನ ಮದುವೆಗಳಲ್ಲಿ ಎಚ್‌ಎಂಟಿ ಕಾಂಚನ್ ಕೇಳೋರು. ಹೊಸೂರಿನಲ್ಲಿ ಟೈಟಾನ್ ಫ್ಯಾಕ್ಟರಿ ಬಂದು ಸೆಲ್ಲಿನ ವಾಚು ಎಲ್ಲ ಕಡೆ ಸಿಗುವಂತಾದ ಮೇಲೆ ನನ್ನ ಗುರುಗಳು, ಇನ್ನು ನಮ್ಮ ಕೆಲಸ ಮುಗೀತು ಕಣೋ ಅಂದಿದ್ದರು. ಮುಗಿಯಲಿಲ್ಲ. ಸೆಲ್ಲು ಬದಲಾಯಿಸೋಕೂ ಜನ ಬೇಕಲ್ಲ.

ಯಾಕೆ ಇಷ್ಟ ಅಂದರೆ, ಅದನ್ನು ನಾನು ರಿಪೇರಿ ಮಾಡಬೇಕಾಗಿಲ್ಲ. ಅಡುಗೆಯವನು ಮನೆಗೆ ಬಂದು ಮೊಸರನ್ನ ತಿಂದ ಹಾಗೆ. ತಮಾಷೆ ಬಿಟ್ಟು ಹೇಳುತ್ತೇನೆ, ಈ ಸೆಲ್ಲಿನ ವಾಚನ್ನು ಕೀಳಾಗಿ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಒಳಗೆ ಸಣ್ಣ ಡಬ್ಬಿಯಲ್ಲಿ ಒಂದು ಸ್ಫಟಿಕದ ಕವಲು ಇದೆ. ಕರೆಂಟು ಕೊಟ್ಟರೆ ಸೆಕೆಂಡಿಗೆ 32,768 ಸಲ ಅದುರುತ್ತೆ. ಅದೇ ಸಂಖ್ಯೆ ಯಾಕೆ ಗೊತ್ತಾ? ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಹೀಗೆ 15 ಸಲ ಅರ್ಧ ಮಾಡಿದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತೆ. ಸೆಕೆಂಡಿಗೆ ಒಂದು ಹೆಜ್ಜೆ. ಅದಕ್ಕೇ ಆ ಮುಳ್ಳು ಟಕ್ ಟಕ್ ಅಂತ ನಿಂತು ನಿಂತು ಹೋಗೋದು, ಸಿಸ್ಟರ್‌ಗೆ ಎಣಿಸೋಕೆ ಅನುಕೂಲ ಆಗೋದೂ ಅದರಿಂದಲೇ. 1969ರ ಕ್ರಿಸ್‌ಮಸ್ ದಿನ ಸೀಕೋದವರು ಮೊದಲ ಕ್ವಾರ್ಟ್ಜ್, ಅಂದರೆ ಈ ಸ್ಫಟಿಕದ, ಕೈಗಡಿಯಾರ ಮಾರಾಟಕ್ಕೆ ಬಿಟ್ಟಾಗ ಅದರ ಬೆಲೆ ಒಂದು ಸಣ್ಣ ಕಾರಿನಷ್ಟಿತ್ತು. ಈಗ ಫುಟ್‌ಪಾತಲ್ಲಿ ನೂರೈವತ್ತು ರೂಪಾಯಿಗೆ ಸಿಗುವ ವಾಚೂ ನಮ್ಮ ಜನತಾಗಿಂತ ಸರಿಯಾದ ಟೈಮ್ ತೋರಿಸುತ್ತೆ. ಮೇಡಂ ಬೇಜಾರು ಮಾಡಿಕೊಳ್ಳಬಾರದು.

ಆ ಅರ್ಧ ನಿಮಿಷವನ್ನು ಹತ್ತು ಸೆಕೆಂಡಿಗೆ ಇಳಿಸಬಹುದು. ಒಳಗೆ ಎಣ್ಣೆ ಒಣಗಿರುತ್ತೆ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಬೇಕು.

ಜಾಲಹಳ್ಳಿ ಮನೆಮಗಳು

ಬೇಜಾರಿಲ್ಲ ಸರ್. ಅಮ್ಮನಿಗೆ ಓದಿ ಹೇಳಿದೆ. "ಅವರು ಬ್ಯಾಲೆನ್ಸ್ ತೆಗೆಯುವಾಗ ಹೇರ್‌ಸ್ಪ್ರಿಂಗ್ ಮುಟ್ಟದೆ ತೆಗೀತಾರಾ ಕೇಳು" ಅಂದರು. ಬ್ಯಾಲೆನ್ಸ್ ಅಂದರೆ ಒಳಗೆ ಆಚೀಚೆ ತೂಗುವ ಚಕ್ರ, ಹೇರ್‌ಸ್ಪ್ರಿಂಗ್ ಅಂದರೆ ಅದಕ್ಕಿರುವ ಕೂದಲೆಳೆಯಂಥ ಸ್ಪ್ರಿಂಗ್. ಉತ್ತರ ನೋಡಿಕೊಂಡು ವಾಚು ಕೊಡ್ತಾರಂತೆ.

ಅವೆನ್ಯೂ ರೋಡ್ ಕಡೆಯವ

ಅಮ್ಮನವರಿಗೆ ನಮಸ್ಕಾರ ಹೇಳಿ. ಬ್ಯಾಲೆನ್ಸನ್ನು ಅದನ್ನು ಹಿಡಿದಿರುವ ಸೇತುವೆ (ಮೇಲಿನ ಪಟ್ಟಿ) ಸಮೇತ ಎತ್ತುತ್ತೇನೆ, ಹೇರ್‌ಸ್ಪ್ರಿಂಗಿಗೆ ಚಿಮಟ ತಾಗಿಸುವುದಿಲ್ಲ. ಅವರೇ ಬಂದು ಪಕ್ಕದಲ್ಲಿ ಕೂತು ನೋಡಲಿ, ಕುರ್ಚಿ ಹಾಕಿಸುತ್ತೇನೆ.

ಬರ್ಮಿಂಗ್‌ಹ್ಯಾಂ ಕನ್ನಡಿಗ

ಓದುತ್ತಾ ಕೂತು ಚಹಾ ಆರಿಹೋಯಿತು. ನನ್ನದು ಕನ್ನಡ ಅಂಕಿ ಇರುವ ಎಚ್‌ಎಂಟಿ. ಊರಿಗೆ ಬಂದಾಗ ತಮ್ಮ ಕೊಡಿಸಿದ. ಮೊದಲ ವಾರ ನಿಜ ಹೇಳಬೇಕೆಂದರೆ ನಾನು ಅಂಕಿ ಓದುತ್ತಲೇ ಇರಲಿಲ್ಲ, ಮುಳ್ಳು ಎಲ್ಲಿದೆ ಅಂತ ನೋಡಿ ಟೈಮ್ ಹೇಳುತ್ತಿದ್ದೆ. ಒಂದು ದಿನ ಮಗ ೬ ಯಾವುದು ೯ ಯಾವುದು ಅಂತ ಕೇಳಿದ. ನಾನು ಒಂದು ಕ್ಷಣ ತಡವರಿಸಿದೆ. ಅವತ್ತಿನಿಂದ ಇಬ್ಬರೂ ಕಲಿಯುತ್ತಿದ್ದೇವೆ. ಅವನು ಈಗ ೧೨ರ ತನಕ ಬರೆಯುತ್ತಾನೆ. ೧೩ ವಾಚಿನಲ್ಲಿ ಇಲ್ಲ ಅಂತ ಅಲ್ಲಿಗೇ ನಿಲ್ಲಿಸಿದ್ದಾನೆ.

ಬರಿಗೈ ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟೊಂದು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎರಡು ವಿಷಯ.

ಒಂದು, ನಿನ್ನೆ ಕ್ಯಾಸಿಯೊ ಎಫ್-91ಡಬ್ಲ್ಯು ತಗೊಂಡೆ. ಅಂಗಡಿಯಲ್ಲೇ ಗುಂಡಿ ಒತ್ತಿ ಮೂರು ಎಣಿಸಿದೆ, ಹೆಸರು ಬಂತು. ಅಂಗಡಿಯ ಹುಡುಗನಿಗೇ ಅದು ಗೊತ್ತಿರಲಿಲ್ಲ, ಅವನು ಪೆಟ್ಟಿಗೆಯಲ್ಲಿದ್ದ ಉಳಿದವನ್ನೆಲ್ಲ ಒತ್ತಿ ನೋಡುತ್ತಾ ಕೂತ. ಲೈಟಿನ ಬಗ್ಗೆ ಚನ್ನಗಿರಿಯವರು ಹೇಳಿದ್ದು ನೂರಕ್ಕೆ ನೂರು ನಿಜ.

ಎರಡು, ಜನತಾ ಬಗ್ಗೆ ಓದಿದ ಮೇಲೆ ಮನೆಗೆ ಫೋನ್ ಮಾಡಿ ಅಪ್ಪನ ಹಳೆ ವಾಚು ಏನಾಯಿತು ಅಂತ ಕೇಳಿದೆ. ಅದೂ ಎಚ್‌ಎಂಟಿಯೇ, ಯಾವ ಮಾಡೆಲ್ ಗೊತ್ತಿಲ್ಲ. ಅಮ್ಮ ಒಂದು ನಿಮಿಷ ಸುಮ್ಮನಿದ್ದು, "ಅದನ್ನು ನೀನೇ ಅಲ್ವಾ ಎರಡನೇ ಕ್ಲಾಸಲ್ಲಿ ಬಿಚ್ಚಿ ಹಾಕಿದ್ದು" ಅಂದರು. ನನಗೆ ನೆನಪೇ ಇಲ್ಲ. ಅಪ್ಪ ಬೈಯಲಿಲ್ಲವಂತೆ, ಸಿಕ್ಕ ಚೂರುಗಳನ್ನೆಲ್ಲ ಬಾಚಿ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಅಟ್ಟದ ಮೇಲೆ ಇಟ್ಟರಂತೆ. ಬಾಟಲಿ ಇದೆ. ಅಮ್ಮ ಫೋಟೊ ಕಳಿಸಿದ್ದಾರೆ. ಡಯಲ್ ಕಾಣುತ್ತದೆ, ಒಂದೇ ಮುಳ್ಳು ಕಾಣುತ್ತದೆ, ಚಕ್ರಗಳು ಇವೆ, ಜೊತೆಗೆ ಎರಡು ಗುಂಡಿ, ಒಂದು ಗೋಲಿ, ಸ್ವಲ್ಪ ಜೀರಿಗೆ. ಅವೆನ್ಯೂ ರೋಡ್ ಸರ್, ಇದು ಆಗುವ ಕೆಲಸವಾ? ಭಾನುವಾರ ಅಂಗಡಿ ತೆಗೆದಿರುತ್ತೀರಾ?

ಅವೆನ್ಯೂ ರೋಡ್ ಕಡೆಯವ

ಭಾನುವಾರ ರಜ. ಸೋಮವಾರ ಹನ್ನೊಂದರ ಮೇಲೆ ಬನ್ನಿ. ಆಗುತ್ತೋ ಇಲ್ಲವೋ ನೋಡದೆ ಹೇಳೋದಿಲ್ಲ. ಮಷಿನ್ನಿನ ತಟ್ಟೆ ನೆಟ್ಟಗಿದ್ದರೆ ಮಿಕ್ಕಿದ್ದನ್ನು ಹುಡುಕಬಹುದು. ಬಾಟಲಿಯನ್ನು ಹಾಗೇ ತನ್ನಿ. ತೊಳೆಯಬೇಡಿ, ಏನನ್ನೂ ಆರಿಸಬೇಡಿ, ಜೀರಿಗೆ ಅಂದುಕೊಂಡು ಬಿಸಾಡಿದ್ದು ಸ್ಕ್ರೂ ಆಗಿರುತ್ತೆ.